ಈಜುವವರ ಭಾವಚಿತ್ರ

ಹೋದ ತಿಂಗಳು ಈ ಪುಟದಲ್ಲಿ ಮನೆಯ ಹಳೆಯ ಭಾವಚಿತ್ರಗಳನ್ನು ಹುಳು ಹಿಡಿಯದಂತೆ ಕಾಪಾಡುವ ಬಗೆಯನ್ನು ಕುರಿತು ಬರೆದಿದ್ದೆನು. ಈ ತಿಂಗಳಿನದು ಇನ್ನೂ ಗೋಡೆಗೆ ಏರದ ಒಂದು ಭಾವಚಿತ್ರದ ವಿಷಯ. ಅದನ್ನು ತೆಗೆಯಲು ಹೋಗಿ ನಾನು ಪಟ್ಟ ಪಾಡನ್ನು ವಾಚಕರ ಮುಂದಿಡಲು ನನಗೆ ಸಂಕೋಚವಿಲ್ಲ. ನನ್ನ ತಾಯಿಯವರು ಈಗಾಗಲೇ ಅದನ್ನು ನೆಂಟರಿಷ್ಟರಿಗೆಲ್ಲ ಹೇಳಿ ಮುಗಿಸಿದ್ದಾರೆ.

ಮಂಡ್ಯದಲ್ಲಿ ಶಾಲೆಯ ಮಕ್ಕಳಿಗೆ ಈಜಿನ ಪಂದ್ಯಗಳು ನಡೆದುವು. ನನ್ನ ತಂಗಿಯ ಮಗಳು, ಹನ್ನೊಂದು ವರ್ಷದವಳು, ಎರಡು ಪಂದ್ಯಗಳಿಗೆ ಹೆಸರು ಕೊಟ್ಟಿದ್ದಳು. ಮದುವೆಮುಂಜಿಗಳಲ್ಲಿ ಕ್ಯಾಮರಾ ಹಿಡಿದು ಓಡಾಡಿ ಬಂಧುಗಳಲ್ಲಿ ಅಷ್ಟಿಷ್ಟು ಹೆಸರು ಸಂಪಾದಿಸಿದ್ದ ನನಗೆ, ಇದೇನು ಮಹಾ ಕೆಲಸವೆಂದು ತೋರಿತು. ಬೆಳಗಿನಿಂದ ಮಧ್ಯಾಹ್ನದವರೆಗೆ 200ಕ್ಕೂ ಮೇಲ್ಪಟ್ಟು ಪಟಗಳನ್ನು ತೆಗೆದೆನು. ಸಂಜೆ ಮನೆಯವರೆಲ್ಲ ಸುತ್ತ ಕುಳಿತು ನೋಡಿದರು. ನನ್ನ ತಾಯಿಯವರು ಕನ್ನಡಕವನ್ನು ಸೆರಗಿನಿಂದ ಒರಸಿ, ಮತ್ತೊಮ್ಮೆ ನೋಡಿ, "ಇದೇನಪ್ಪಾ, ಮಗೂನೇ ಇಲ್ವಲ್ಲ, ಬರೀ ನೊರೆ! ಬಟ್ಟೆ ಒಗೆಯೋ ಕಲ್ಲಿನ ಹತ್ರ ನಿಂತು ತೆಗೆದಿದ್ರೂ ಇದೇ ಬರ್ತಿತ್ತು" ಎಂದರು.

ಮಾತು ನಿಜವಾಗಿತ್ತು. ಓಟದವನಿಗೆ ಮುಖವೆಂಬುದು ಸದಾ ಮೇಲಿರುತ್ತದೆ. ಕಬಡ್ಡಿಯವನು ಆಡುವಷ್ಟು ಹೊತ್ತೂ ನಮ್ಮ ಕಣ್ಣ ಮುಂದೆಯೇ ಇರುತ್ತಾನೆ. ಈಜುವವನಾದರೋ ಮುಖವನ್ನು ನೀರಿಗೆ ಒಪ್ಪಿಸಿಬಿಟ್ಟಿರುತ್ತಾನೆ. ಉಸಿರು ಬೇಕಾದಾಗ ಮಾತ್ರ, ಅರೆಕ್ಷಣ, ಅದನ್ನು ಹೊರಕ್ಕೆ ತರುತ್ತಾನೆ. ಆ ಅರೆಕ್ಷಣ ತಪ್ಪಿತೆಂದರೆ ನಮಗೆ ದಕ್ಕುವುದು ಒಂದು ಟೋಪಿ, ಒಂದು ಮೊಣಕೈ, ಉಳಿದದ್ದೆಲ್ಲ ನಮ್ಮ ತಾಯಿಯವರು ಹೇಳಿದ ನೊರೆ.

ಈ ಹುಡುಗಿ ಈಜು ಕಲಿತದ್ದೇತಕ್ಕೆಂಬುದನ್ನು ಇಲ್ಲಿ ಹೇಳಬೇಕು. ಮಂಡ್ಯ, ಮದ್ದೂರು, ಮಳವಳ್ಳಿಗಳ ಜನರಿಗೆ ನೀರು ಹೊಸದಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ನಮ್ಮ ಗದ್ದೆಗಳಿಗೆ ಬರುತ್ತದೆ. ಮದ್ದೂರಿನ ಬದಿಯಲ್ಲಿ ಶಿಂಷೆ ಹರಿಯುತ್ತಾಳೆ. ಮಳವಳ್ಳಿಯ ಕಡೆ ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳೆ, ಮುತ್ತತ್ತಿಯಲ್ಲಿ ಸುಳಿಯಾಗಿ ಮೌನವಾಗಿ ಕಾದಿರುತ್ತಾಳೆ. ಬತ್ತ ಕಬ್ಬುಗಳನ್ನು ಕೊಟ್ಟ ನೀರೇ ಮಕ್ಕಳನ್ನೂ ಕೊಂಡೊಯ್ದಿದೆ. 2018ನೆಯ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹಿಂದಿರುಗುತ್ತಿದ್ದ ಮಕ್ಕಳು ಹಲವರು. ಮುಚ್ಚಿದ ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಬಂದಿದ್ದರೂ ಎಷ್ಟು ಪ್ರಯೋಜನವಾಗುತ್ತಿತ್ತೋ, ದೇವರೇ ಬಲ್ಲ. ಆದರೆ ಆ ದಿನದ ಬಳಿಕ ನನ್ನ ತಂಗಿಯ ಗಂಡನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಮಗಳಿಗೆ ಐದು ವರ್ಷ ತುಂಬುವವರೆಗೆ ಕಾದು, ಕೈಹಿಡಿದು ಈಜುಕೊಳಕ್ಕೆ ಕರೆದುಕೊಂಡು ಹೋದನು. ಪಂದ್ಯ ಪದಕಗಳೆಲ್ಲ ಅನಂತರ ಬಂದವು. ಬೆಂಗಳೂರಿನ ಧಿನಿಧಿ ದೇಸಿಂಗು 2024ರಲ್ಲಿ, 14ನೆಯ ವಯಸ್ಸಿಗೇ, ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದುದನ್ನು ಪತ್ರಿಕೆಯಲ್ಲಿ ನೋಡಿದಂದಿನಿಂದ ನಮ್ಮ ಹುಡುಗಿಗೆ ಪಂದ್ಯದ ಹುಚ್ಚು ಹಿಡಿಯಿತು. ಆ ಪತ್ರಿಕೆಯ ಪಟ ಈಗಲೂ ಅವಳ ಮೇಜಿನ ಮೇಲಿದೆ. ಅದರಲ್ಲಿ ಮುಖ ಕಾಣುತ್ತದೆ ಎಂಬುದನ್ನು ನನಗೆ ಎರಡು ಸಲ ತೋರಿಸಿದಳು.

ಮಾರನೆಯ ವಾರ ಅವಳ ಅಭ್ಯಾಸದ ಹೊತ್ತಿಗೆ ಕೊಳದ ಬಳಿಗೆ ಹೋದೆನು. ಮಕ್ಕಳಿಗೆ ಈಜು ಹೇಳಿಕೊಡುವ ಹಿರಿಯರೊಬ್ಬರು ನನ್ನ ಕೊರಳಿನಲ್ಲಿದ್ದ ಕ್ಯಾಮರಾವನ್ನು ನೋಡಿ ನಕ್ಕು, "ಸ್ವಾಮಿ, ಇದನ್ನ ಚೀಲಕ್ಕೆ ಹಾಕಿ. ಒಂದು ದಿವಸ ಸುಮ್ಮನೆ ಕೂತು, ಯಾವ ಮಗು ಯಾವ ಕಡೆ ಉಸಿರು ತಗೊಳ್ತದೆ, ಎಷ್ಟು ಕೈಗೆ ಒಂದು ಸಲ ತಗೊಳ್ತದೆ ಅಂತ ಎಣಿಸಿ" ಎಂದರು. ಹಾಗೆಯೇ ಮಾಡಿದೆನು. ಕಾಲು ಗಂಟೆಯಲ್ಲಿ ನನ್ನ 200 ಪಟಗಳ ರಹಸ್ಯ ಬಯಲಾಯಿತು. ನಮ್ಮ ಹುಡುಗಿ ಫ್ರೀಸ್ಟೈಲಿನಲ್ಲಿ ಬಲಗಡೆಗೆ ಮಾತ್ರ ಉಸಿರೆಳೆಯುತ್ತಾಳೆ. ಪಂದ್ಯವು ಕೊಳದ ಒಂದೇ ಉದ್ದದ್ದು. ನಾನು ನಿಂತಿದ್ದದ್ದು ಅವಳ ಎಡಗಡೆಯ ದಂಡೆಯಲ್ಲಿ! ಆ ಪಂದ್ಯದಲ್ಲಿ ಅವಳ ಮುಖ ಒಮ್ಮೆಯೂ ನನ್ನ ಕಡೆಗೆ ತಿರುಗಲೇ ಇಲ್ಲ. ಸಾವಿರ ಪಟ ತೆಗೆದಿದ್ದರೂ ಅಷ್ಟೆ. ಹೋಗಿ ಹಿಂದಿರುಗುವ ಪಂದ್ಯವಾದರೆ, ಹೋಗುವಾಗ ಒಂದು ದಂಡೆಗೆ, ಬರುವಾಗ ಇನ್ನೊಂದು ದಂಡೆಗೆ ಮುಖ ದೊರೆಯುತ್ತದೆ. ನಿಲ್ಲುವ ಸ್ಥಳವನ್ನು ಇದನ್ನು ತಿಳಿದೇ ಗೊತ್ತುಮಾಡಿಕೊಳ್ಳಬೇಕು.

ಒಂದೊಂದು ಬಗೆಯ ಈಜಿಗೂ ಉಸಿರಿನ ಮರ್ಯಾದೆ ಬೇರೆ. ಕಪ್ಪೆಯಂತೆ ಕೈಕಾಲುಗಳನ್ನು ಅಗಲಿಸಿ ಈಜುವ ಬ್ರೆಸ್ಟ್‌ಸ್ಟ್ರೋಕಿನಲ್ಲಿ, ಒಂದೊಂದು ಆವರ್ತಕ್ಕೂ ತಲೆ ನೀರಿನ ಮೇಲಕ್ಕೆ ಬರಲೇಬೇಕೆಂದು ನಿಯಮವೇ ಇದೆ. ಆದುದರಿಂದ ಹೊಸಬರು ಇದರಿಂದ ಪ್ರಾರಂಭಿಸುವುದು ಲೇಸು. ಈಜುವವರ ಸಾಲಿನ ನೇರಕ್ಕೆ, ಅವರು ಎದುರಾಗಿ ಬರುವ ಕೊನೆಯಲ್ಲಿ ಕುಳಿತರೆ, ಭುಜಗಳ ನಡುವೆ ಮುಖ ಎದ್ದು ಬರುವುದು ಗಡಿಯಾರದ ಲೋಲಕದಂತೆ ಲೆಕ್ಕಕ್ಕೆ ಸಿಕ್ಕುತ್ತದೆ. ಎರಡು ಕೈಗಳನ್ನೂ ರೆಕ್ಕೆಯಂತೆ ಒಟ್ಟಿಗೆ ಬೀಸುವ ಬಟರ್‌ಫ್ಲೈ ಈಜನ್ನೂ ಎದುರಿನಿಂದಲೇ ಹಿಡಿಯಬೇಕು. ಅದರಲ್ಲಿ ಮೊದಲು ಮುಖ ಏಳುತ್ತದೆ, ಕೈಗಳು ಆಮೇಲೆ ಬರುತ್ತವೆ. ಕೈಗಳ ಸೊಬಗನ್ನು ಕಂಡ ಮೇಲೆ ಗುಂಡಿಯನ್ನೊತ್ತಿದರೆ ಮುಖ ಮತ್ತೆ ನೀರೊಳಗೆ. ಇವೆರಡಕ್ಕೂ ಕ್ಯಾಮರಾ ನೀರಿನ ಮಟ್ಟಕ್ಕೆ ಆದಷ್ಟು ಹತ್ತಿರವಿರಬೇಕು. ನಿಂತು ತೆಗೆದರೆ ನೆತ್ತಿಯ ಪಟವಾಗುತ್ತದೆ. ನಾನು ದಂಡೆಯ ಮೇಲೆ ಬೋರಲಾಗಿ ಮಲಗಿದೆನು. ಪಂಚೆ ನೆನೆಯಿತು. ಅಂಗಾತವಾಗಿ ಈಜುವವರ ಮುಖ ಯಾವಾಗಲೂ ಆಕಾಶದ ಕಡೆಗಿರುವುದರಿಂದ ಸುಲಭವೆಂದು ತೋರುತ್ತದೆ. ಆದರೆ ಅವರ ಕೈಯೇ ಅವರ ಮುಖಕ್ಕೆ ನೀರೆರಚುತ್ತಿರುತ್ತದೆ. ಒಂದು ಕೈ ಮೇಲೆದ್ದು, ನೀರಿನ್ನೂ ಮುಖಕ್ಕೆ ಬೀಳದಿರುವಾಗ, ಪಕ್ಕದಿಂದ ತೆಗೆಯಬೇಕು.

ಯಂತ್ರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸೆಕೆಂಡಿನ 1,000ದಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ ಷಟರ್ ತೆರೆದಿದ್ದರೆ ಹನಿಹನಿಯೂ ಮುತ್ತಿನಂತೆ ನಿಲ್ಲುತ್ತದೆ. 500ರಲ್ಲಿ ಒಂದಾದರೂ ಬೇಕು. ತಾನಾಗಿ ಗುರಿ ಹಿಡಿಯುವ ಕ್ಯಾಮರಾಗಳು ಹಾರುವ ನೀರನ್ನೇ ಮುಖವೆಂದು ಭ್ರಮಿಸಿ ಅದರ ಬೆನ್ನು ಹತ್ತುತ್ತವೆ. ಸಾಲುಗಳನ್ನು ಬೇರ್ಪಡಿಸುವ ತೇಲುಹಗ್ಗದಲ್ಲಿ, ಗೋಡೆಯಿಂದ 5 ಮೀಟರಿನವರೆಗೆ ಬಿಲ್ಲೆಗಳ ಬಣ್ಣ ಬೇರೆಯಾಗಿರುತ್ತದೆ. ಆ ಬಣ್ಣ ಬದಲಾಗುವ ಜಾಗಕ್ಕೆ ಗುರಿಯನ್ನು ಮೊದಲೇ ನಿಲ್ಲಿಸಿಕೊಂಡು, ಮಗು ಅಲ್ಲಿಗೆ ಬರುವುದನ್ನು ಕಾಯುವುದು ನನಗೆ ಒಗ್ಗಿದ ಉಪಾಯ.

ಬೆಳಕಿನ ವಿಷಯ ಮಾತ್ರ ನಮ್ಮವರಿಗೆ ಮುಖ್ಯವಾದುದು. ಬಿಳಿಯ ನೊರೆ, ಹೊಳೆಯುವ ನೀರು ಇವುಗಳನ್ನು ಕಂಡು ಕ್ಯಾಮರಾ, ಬೆಳಕು ಅತಿಯಾಯಿತೆಂದು ತಾನೇ ಕಡಮೆ ಮಾಡುತ್ತದೆ. ನಮ್ಮ ಮಕ್ಕಳ ಎಣ್ಣೆಗೆಂಪು ಮುಖಗಳು ಆಗ ಮಸಿಯಂತಾಗುತ್ತವೆ. ಈ ದೋಷವನ್ನು ಮಗುವಿನ ಬಣ್ಣದ ಮೇಲೆ ಹೊರಿಸುವ ಬಂಧುಗಳೂ ಉಂಟು! ಮುಖಕ್ಕೆ ಎಷ್ಟು ಬೆಳಕು ಬೇಕೋ ಅಷ್ಟನ್ನು ಕೈಯಿಂದಲೇ ಗೊತ್ತುಮಾಡಿ, ನೊರೆ ಸ್ವಲ್ಪ ಬೆಳ್ಳಗಾದರೆ ಆಗಲೆಂದು ಬಿಡಬೇಕು. ತೆರೆದ ಕೊಳವಾದರೆ ಬೆಳಗಿನ ಓರೆಬಿಸಿಲು ಉತ್ತಮ. ನಡುಹಗಲಿನಲ್ಲಿ ಕಣ್ಣಿನ ಗುಳಿಗಳೆಲ್ಲ ಕಪ್ಪಾಗುತ್ತವೆ.

ಪಂದ್ಯ ಪ್ರಾರಂಭವಾಗುವಾಗ ಫ್ಲಾಷ್ ದೀಪವನ್ನು ಹಾಕಲೇ ಕೂಡದು. ಕಿವಿ ಕೇಳಿಸದ ಈಜುಗಾರರಿಗೆ ಹೊರಡುವ ಸೂಚನೆ ಮಿಂಚುವ ದೀಪದಿಂದಲೇ ಸಿಕ್ಕುತ್ತದೆ. ನಮ್ಮ ಮಿಂಚಿಗೆ ಒಂದು ಮಗು ನೀರಿಗೆ ಹಾರಿಬಿಟ್ಟರೆ ಅದರ ಆರು ತಿಂಗಳ ಅಭ್ಯಾಸ ಹಾಳು.

ಈಜಿನಲ್ಲಿ ಕೊನೆಯ ಗಳಿಗೆಯನ್ನು ಕಣ್ಣು ನಂಬಲಾರದು. 1960ರಲ್ಲಿ ರೋಮ್ ಒಲಿಂಪಿಕ್ಸಿನ 100 ಮೀಟರ್ ಫ್ರೀಸ್ಟೈಲಿನಲ್ಲಿ, ಅಮೆರಿಕದ ಲ್ಯಾನ್ಸ್ ಲಾರ್ಸನ್ನನ ಹೊತ್ತನ್ನು ಅಳೆದ ಮೂವರೂ ಅವನಿಗೆ ಆಸ್ಟ್ರೇಲಿಯದ ಜಾನ್ ಡೆವಿಟ್ಟನಿಗಿಂತ ಕಡಮೆ ಹೊತ್ತನ್ನೇ ತೋರಿಸಿದ್ದರೂ, ತೀರ್ಪುಗಾರರ ಕಣ್ಣಳತೆಯ ಮೇಲೆ ಚಿನ್ನ ಡೆವಿಟ್ಟನಿಗೆ ಹೋಯಿತು. 2008ರಲ್ಲಿ ಬೀಜಿಂಗಿನಲ್ಲಿ ಮೈಕೆಲ್ ಫೆಲ್ಪ್ಸನು ಮಿಲೊರಾಡ್ ಚಾವಿಚನನ್ನು ಸೆಕೆಂಡಿನ 100ರಲ್ಲಿ ಒಂದು ಪಾಲಿನಿಂದ ಗೆದ್ದಾಗ, ನೋಡಿದವರಲ್ಲಿ ಅನೇಕರು ಅವನೇ ಸೋತನೆಂದುಕೊಂಡಿದ್ದರು. ಗೋಡೆಯಲ್ಲಿದ್ದ ಸ್ಪರ್ಶಫಲಕ ತೀರ್ಪು ಕೊಟ್ಟಿತು. ಹೈನ್ಸ್ ಕ್ಲುಟ್‌ಮೈಯರ್ ಎಂಬ ಛಾಯಾಗ್ರಾಹಕರು ನೀರಿನಡಿಯಲ್ಲಿ ಇಟ್ಟಿದ್ದ ಕ್ಯಾಮರಾದ ಪಟಗಳು ಅದಕ್ಕೆ ಸಾಕ್ಷಿಯಾದುವು: ಒಬ್ಬನ ಬೆರಳು ಇನ್ನೂ ಗೋಡೆಯ ಕಡೆಗೆ ಚಾಚಿದೆ, ಇನ್ನೊಬ್ಬನ ಕೈ ಆಗಲೇ ಮುಟ್ಟಿದೆ. ನಮ್ಮಂಥವರಿಗೆ ಆ ಸಾಹಸ ಬೇಡ. ಮುಟ್ಟಿದ ಮೇಲೆ ತಿರುಗಿ ಫಲಕದ ಕಡೆಗೆ ನೋಡುತ್ತಾರಲ್ಲ, ಆ ಮುಖ ಸಾಕು.

ಇಷ್ಟನ್ನು ಕಲಿತು, ಇನ್ನೊಂದು ಪಂದ್ಯಕ್ಕೆ ಸಿದ್ಧನಾಗುತ್ತಿದ್ದಾಗ, ಮದ್ದೂರಿನ ಪರಿಚಿತರ ಮನೆಯ ಸಂಗತಿಯೊಂದು ಕಿವಿಗೆ ಬಿದ್ದಿತು. ಆ ಮನೆಯ ಹುಡುಗಿ ಎರಡು ವರ್ಷ ಬಹಳ ಚೆನ್ನಾಗಿ ಈಜುತ್ತಿದ್ದವಳು, ಹದಿಮೂರನೆಯ ವಯಸ್ಸಿಗೆ ಬಿಟ್ಟುಬಿಟ್ಟಳು. ದಂಡೆಯಲ್ಲಿ ಯಾರೋ ತೆಗೆದ ಪಟವೊಂದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಬೀದಿಯನ್ನೆಲ್ಲ ಸುತ್ತಿ ಅವಳ ಮನೆಗೇ ಬಂದು ಸೇರಿತ್ತು. ಪಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒದ್ದೆಯಾದ ಈಜುಡುಗೆಯಲ್ಲಿ, ಹಾರುವ ಕಟ್ಟೆಯ ಮೇಲೆ ಬಗ್ಗಿ ನಿಂತ ಹುಡುಗಿ, ಹಿಂದಿನಿಂದ. ಅದರ ಕೆಳಗೆ ಯಾರೋ ಬರೆದಿದ್ದ ಎರಡು ಮಾತು ಸಾಕಾಯಿತು. ತಂದೆ ಗದರಲಿಲ್ಲ, ಮರುದಿನದಿಂದ ಕೊಳಕ್ಕೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದರು, ಅಷ್ಟೆ. ಬರೆದವನಿಗೆ ಏನೂ ಆಗಲಿಲ್ಲ. ಹುಡುಗಿಯ ಈಜು ಹೋಯಿತು. ಇದು ನ್ಯಾಯವೆಂದು ಆ ತಂದೆಯೂ ಹೇಳಲಾರರು. ಆದರೆ ಅವರನ್ನು ಹಳಿಯುವುದಕ್ಕೆ ಮೊದಲು ನಾನು ನನ್ನ ಆ 200 ಪಟಗಳನ್ನು ಮತ್ತೆ ತೆರೆದು ನೋಡಿದೆನು. ಹಿಂದಿನಿಂದ ತೆಗೆದಂಥವು ಅದರಲ್ಲಿ 14 ಇದ್ದುವು. ಅವುಗಳಲ್ಲಿ ನಮ್ಮ ಹುಡುಗಿಯವು 3. ಉಳಿದುವು, ಹೆಸರೂ ತಿಳಿಯದ ಪರರ ಮಕ್ಕಳವು. ಯಾವ ದುರುದ್ದೇಶವೂ ಇಲ್ಲದೆ, ಸ್ಥಳ ಸಿಕ್ಕಿತೆಂದು ಅಲ್ಲಿ ನಿಂತು ತೆಗೆದುವು. ಎಲ್ಲವನ್ನೂ ಅಳಿಸಿದೆನು.

ಅಂದಿನಿಂದ ನಾನು ಹಾರುವ ಕಟ್ಟೆಯ ಹಿಂಬದಿಗೆ ಹೋಗುವುದಿಲ್ಲ. ಮೊದಲು ಪಂದ್ಯ ನಡೆಸುವವರನ್ನು ಕೇಳುತ್ತೇನೆ. ಬೇರೆಯ ಮಕ್ಕಳು ಬೀಳುವ ಪಟವಾದರೆ ಅವರ ತಾಯಿತಂದೆಯರನ್ನೂ ಕೇಳುತ್ತೇನೆ. ಬಟ್ಟೆ ಬದಲಿಸುವ ಕೋಣೆಯ ಕಡೆಗಂತೂ ಕ್ಯಾಮರಾದ ಮುಖವನ್ನೇ ತಿರುಗಿಸುವುದಿಲ್ಲ. ಈಜುವವರ ಸೊಗಸೆಲ್ಲ ಮುಖ, ಭುಜ, ಕೈಗಳಲ್ಲಿಯೇ ಇದೆ. ಉಳಿದುದನ್ನು ನೀರು ತಾನೇ ಮುಚ್ಚಿಕೊಂಡಿರುತ್ತದೆ. ಕೊನೆಗೆ, ಯಾವ ಪಟ ಉಳಿಯಬೇಕು, ಯಾರಿಗೆ ಹೋಗಬೇಕು ಎಂಬ ಅಪ್ಪಣೆ ನಮ್ಮ ಹುಡುಗಿಯದೇ. ತಂಗಿಯು ಮೊದಲು, "ಅವಳಿಗೇನು ತಿಳಿಯುತ್ತೆ, ಅಣ್ಣ?" ಎಂದಳು. ತಿಳಿಯುತ್ತದೆ. ಪಟಗಳನ್ನು ಒಂದೊಂದಾಗಿ ಸರಿಸುತ್ತ, "ಮಾವ, ಇದು ಬೇಡ, ಇದೂ ಬೇಡ, ಇದು ಇರಲಿ, ಆದರೆ ಮನೆಗೆ ಮಾತ್ರ" ಎಂದು ಆಕೆ ವಿಂಗಡಿಸಿದುದನ್ನು ಕಂಡ ಮೇಲೆ ತಂಗಿಯೂ ಸುಮ್ಮನಾದಳು.

ಎರಡನೆಯ ಪಂದ್ಯದಲ್ಲಿ ಅವಳಿಗೆ ಬಂದದ್ದು ಐದನೆಯ ಸ್ಥಾನ. ನಾನು ಬಲದಂಡೆಯಲ್ಲಿ ಕುಳಿತು, ಬಣ್ಣ ಬದಲಾಗುವ ಬಿಲ್ಲೆಗೆ ಗುರಿಯಿಟ್ಟು, ಎರಡು ಕೈಗೊಂದು ಉಸಿರೆಂದು ಎಣಿಸುತ್ತಿದ್ದೆನು. ಒಟ್ಟು 22 ಪಟಗಳು. ಅವಳು ಇಟ್ಟುಕೊಂಡದ್ದು ನಾಲ್ಕು. ಒಂದರಲ್ಲಿ, ಎತ್ತಿದ ತೋಳಿನ ಕೆಳಗೆ, ನೀರು ಬಗ್ಗಿ ಉಂಟಾದ ಗುಳಿಯಲ್ಲಿ, ಅರ್ಧ ಮುಖ. ಬಾಯಿ ತೆರೆದಿದೆ, ಕನ್ನಡಕದ ಮೇಲೆ ಬಿಸಿಲಿನ ಒಂದು ಚೂರು.

ನನ್ನ ತಾಯಿಯವರು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಗೆದ್ದಳೋ ಸೋತಳೋ ಎಂದು ಕೇಳಲೇ ಇಲ್ಲ.

"ಅಲ್ವೇ, ಇಷ್ಟು ಹತ್ತಿರ ನೀರಿದೆಯಲ್ಲ, ಮೂಗಿಗೆ ಹೋಗಲ್ವೇನೇ?"

"ಇಲ್ಲ ಅಜ್ಜಿ, ಮುಖ ಒಳಗಿರುವಾಗೆಲ್ಲ ಉಸಿರು ಬಿಡ್ತಾನೇ ಇರ್ತೀನಿ. ಆಗ ಬರಲ್ಲ."

ಆಕೆ ಸ್ವಲ್ಪ ಯೋಚಿಸಿ, "ಎಲ್ಲಿ, ಮಾಡಿ ತೋರಿಸು" ಎಂದರು. ಹುಡುಗಿ ಹಿತ್ತಲಿನಿಂದ ಒಂದು ಬೋಗುಣಿ ನೀರು ತಂದಳು.