ಮಗುಚಿ ಹಾಕಿದ ಬಾಣಲೆ

ಮೃಗಶಿರೆ ಕಳೆದು ಆರಿದ್ರೆ ಕಾಲಿಟ್ಟಿತೆಂದರೆ ಶಿಕಾರಿಪುರದ ಸೀಮೆಯಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುವುದುಂಟು. ಹಂಚಿನ ಮೇಲೆ ಬಿದ್ದ ಮಳೆ ಸೂರಿನಿಂದ ಧಾರೆಧಾರೆಯಾಗಿ ಅಂಗಳಕ್ಕೆ ಇಳಿಯುತ್ತಿರುವಾಗ, ಜಗುಲಿಯ ಮೇಲೆ ಕುಳಿತವರ ನಾಲಗೆ ಏನನ್ನು ಬೇಡುತ್ತದೆಂಬುದನ್ನು ಮಲೆನಾಡಿನ ಸೆರಗಿನಲ್ಲಿ ಬಾಳಿದವರಿಗೆ ಹೇಳಿಕೊಡಬೇಕಾಗಿಲ್ಲ. ಬಾಳೆಕಾಯಿ, ಹೀರೆಕಾಯಿ, ಈರುಳ್ಳಿ, ಕೊನೆಗೆ ಹಿತ್ತಿಲಿನ ದೊಡ್ಡಪತ್ರೆಯ ಎಲೆಯಾದರೂ ಸರಿಯೆ. ಕಡಲೆಹಿಟ್ಟಿನಲ್ಲಿ ಮುಳುಗಿ, ಕಾದ ಎಣ್ಣೆಯಲ್ಲಿ ಮಿಂದು ಬಂದರೆ ಅದು ಬಜ್ಜಿ. ಉಡುತಡಿ ಅಕ್ಕಮಹಾದೇವಿಯ ತವರೂರು. ಉಟ್ಟುದನ್ನೂ ಉಣ್ಣುವುದನ್ನೂ ತೃಣವೆಂದೆಣಿಸಿ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಆ ಮಹಾತಾಯಿಯ ಊರಿನಲ್ಲಿ ನಿಂತು ಬಜ್ಜಿಯ ಮಾತನ್ನಾಡುವುದು ಅಷ್ಟೇನೂ ಗೌರವದ ಸಂಗತಿಯಲ್ಲ. ಆದರೆ ಅಕ್ಕನ ಊರಿನವರೆಲ್ಲರೂ ವಿರಾಗಿಗಳಾಗಬೇಕೆಂದು ಯಾರೂ ವಿಧಿಸಿಲ್ಲವಷ್ಟೆ.

ಆ ಊರಿನ ಒಂದು ಮನೆಯಲ್ಲಿ ಎರಡು ಮಳೆಗಾಲ ಬಜ್ಜಿಯ ಸದ್ದು ಕೇಳಿರಲಿಲ್ಲ. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಹೃದಯದ ರಕ್ತನಾಳದೊಳಗೆ ಸಣ್ಣ ಜಾಲರಿಯೊಂದನ್ನು ಇಡಿಸಿಕೊಂಡು ಶಿವಮೊಗ್ಗದಿಂದ ಮರಳಿದ ದಿನವೇ, ಕರಿದ ಪದಾರ್ಥ ಬೇಡವೆಂಬ ವೈದ್ಯರ ಮಾತನ್ನು ಅವರ ಪತ್ನಿ ಅಕ್ಷರಶಃ ಪಾಲಿಸಿದರು. ಕಬ್ಬಿಣದ ಬಾಣಲೆಯನ್ನು ಬೂದಿ ಹಾಕಿ ಬೆಳಗಿ, ಎಣ್ಣೆ ಸವರಿ, ಅಟ್ಟದ ಮೇಲೆ ಮಗುಚಿ ಹಾಕಿದರು. ಅವರಿಗೆ ಬೇಡವಾದುದು ತಮಗೂ ಬೇಡ ಎಂಬುದು ಆಕೆಯ ನಿಲುವು. ಇದನ್ನು ಪತಿಭಕ್ತಿಯೆಂದು ಹೊಗಳುವವರು ಹೊಗಳಬಹುದು. ಯಜಮಾನರಿಗೆ ಮಾತ್ರ ಅದು ದಿನದಿನವೂ ಬೀಳುವ ದಂಡದಂತೆ ತೋರುತ್ತಿತ್ತು. ತಮ್ಮಿಂದಾಗಿ ಮನೆಯೇ ಸಪ್ಪೆಯಾಯಿತೆಂಬ ಕೊರಗು ಅವರನ್ನು ಕಾಯಿಲೆಗಿಂತ ಹೆಚ್ಚಾಗಿ ಬಾಧಿಸಿತು.

ಒಂದು ದಿನ ಅವರು ಶಿರಾಳಕೊಪ್ಪಕ್ಕೆ ಹೋದವರು ತಡವಾಗಿ ಬಂದರು. ಮಾತಿಲ್ಲ, ಕತೆಯಿಲ್ಲ; ಆದರೆ ಹೊದ್ದ ಶಾಲು ಎಲ್ಲವನ್ನೂ ಹೇಳಿತು. ಅಂಗಡಿಯ ಒಲೆಯ ಎದುರಿಗೆ ನಿಂತು ಮಂಡಕ್ಕಿಯೊಡನೆ ಮೆಣಸಿನಕಾಯಿ ಬಜ್ಜಿ ತಿಂದವರ ಶಾಲಿಗೆ ಹತ್ತುವ ಕಮಟು ವಾಸನೆ ಎಂಥದೆಂಬುದು ಹೆಂಡತಿಯಾದವಳಿಗೆ ತಿಳಿಯದೆ? ಆಕೆ ಬೈಯಲಿಲ್ಲ. ಶಾಲನ್ನು ನೆನೆಸಿ ಒಗೆದು ಹರಡಿದರು. ಎಂಟು ದಿನ ಮಾತನಾಡಲಿಲ್ಲ. ಆ ಮೌನಕ್ಕೆ ಆಧಾರವಿಲ್ಲದಿರಲಿಲ್ಲ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದು ಒಡೆದು ಅಹಿತಕರವಾದ ಸಂಯುಕ್ತಗಳು ಅದರಲ್ಲಿ ಕೂಡುತ್ತ ಹೋಗುತ್ತವೆ. ಅಂಥ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ನಿಯಮವೇನೋ ಸರಿ, ಸಂಜೆಯ ಮಳೆಯಲ್ಲಿ ಬಜ್ಜಿಗೆ ಕೈಚಾಚಿದವನು ಬಾಣಲೆಯಲ್ಲಿರುವ ಎಣ್ಣೆಯ ವಯಸ್ಸನ್ನು ಕೇಳುವುದುಂಟೆ?

ಬೆಂಗಳೂರಿನ ಸೊಸೆ ಈ ವೃತ್ತಾಂತವನ್ನು ದೂರವಾಣಿಯಲ್ಲಿ ಕೇಳಿ ನಕ್ಕಳು, ಆಮೇಲೆ ನಗಲಿಲ್ಲ. ಮುಂದಿನ ರಜೆಗೆ ಬರುವಾಗ ದೊಡ್ಡದೊಂದು ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಿಕೊಂಡು ಬಂದಳು. ಏರ್ ಫ್ರೈಯರ್ ಎಂದು ಅದರ ಹೆಸರು. ಅತ್ತೆ ಅದನ್ನು ಸುತ್ತಿ ಬಂದು ನೋಡಿ, "ಇದೇನವ್ವಾ, ಕೊಡಪಾನಕ್ಕೆ ಬಾಗಿಲು ಇಟ್ಟ ಹಾಗಿದೆ. ಎಣ್ಣೆ ಎಲ್ಲಿ ಹೊಯ್ಯೋದು?" ಎಂದರು.

"ಎಣ್ಣೆ ಹೊಯ್ಯೋದೇ ಇಲ್ಲ ಅತ್ತೆ. ಗಾಳೀಲೇ ಕರಿಯುತ್ತೆ."

"ಗಾಳೀಲಿ ಬಟ್ಟೆ ಒಣಗುತ್ತೆ" ಎಂದು ಹೇಳಿ ಅವರು ಒಳಗೆ ಹೋದರು.

ಅತ್ತೆಯ ಮಾತಿನಲ್ಲಿ ಅವರಿಗೇ ಅರಿಯದ ವಿಜ್ಞಾನವಿತ್ತು. 2010ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಫಿಲಿಪ್ಸ್ ಸಂಸ್ಥೆ ಜಗತ್ತಿಗೆ ತೋರಿಸಿದ ಈ ಯಂತ್ರ ನಿಜವಾಗಿ ಕರಿಯುವುದಿಲ್ಲ, ಒಣಗಿಸುತ್ತದೆ, ಬೇಯಿಸುತ್ತದೆ. ಮೇಲ್ಭಾಗದಲ್ಲಿ ಕೆಂಪಗೆ ಕಾಯುವ ತಂತಿ, ಅದರ ಬೆನ್ನಿಗೆ ಬಿರುಸಾಗಿ ತಿರುಗುವ ಪಂಖ, ಕೆಳಗೆ ತೂತುಗಳ ಬುಟ್ಟಿ, ಇಷ್ಟೆ. ಬಿಸಿಗಾಳಿ ಬುಟ್ಟಿಯ ಸುತ್ತ ಸುಳಿಯಾಗಿ ಹರಿದು ಪದಾರ್ಥದ ಮೈಯ ತೇವವನ್ನು ಹೊತ್ತೊಯ್ಯುತ್ತದೆ. ಬೇಕರಿಯ ಒಲೆಯನ್ನು ಕುಗ್ಗಿಸಿ ಅದಕ್ಕೊಂದು ಚಂಡಮಾರುತವನ್ನು ಕೂಡಿಸಿದರೆ ಏನಾಗುವುದೊ ಅದೇ ಇದು.

ಮೊದಲ ದಿನದ ಪ್ರಯೋಗವನ್ನು ವಿವರಿಸಲು ಕರುಣೆ ಅಡ್ಡಬರುತ್ತದೆ. ಸೊಸೆ ಬಾಳೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಳು. ಅತ್ತೆ ಎಂದಿನಂತೆ ದೋಸೆಯ ಹದಕ್ಕಿಂತ ತುಸು ಗಟ್ಟಿಯಾಗಿ ಹಿಟ್ಟು ಕಲಸಿಕೊಟ್ಟರು. ಬಿಲ್ಲೆಗಳು ಹಿಟ್ಟಿನಲ್ಲಿ ಅದ್ದಿ ಬುಟ್ಟಿಗೆ ಇಳಿದವು. ಹಿಟ್ಟು ತೂತುಗಳಿಂದ ಕೆಳಗೆ ಇಳಿಯಿತು. ಹದಿನೈದು ನಿಮಿಷದ ಮೇಲೆ ಗಂಟೆ ಬಾರಿಸಿದಾಗ ಬುಟ್ಟಿಯಲ್ಲಿದ್ದುದು ಅರೆಬೆತ್ತಲೆಯಾದ ಬಾಳೆಕಾಯಿ, ಅದರ ಅಂಚಿಗೆ ಅಂಟಿದ ಬಿಳಿಚಿದ ಹಿಟ್ಟು, ತಳದಲ್ಲಿ ಸೀದ ಹಪ್ಪಳದಂಥದೇನೋ. ಯಜಮಾನರು ಒಂದನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಪರವಾಗಿಲ್ಲಮ್ಮ, ಚೆನ್ನಾಗಿದೆ" ಎಂದರು. ನಲವತ್ತು ವರ್ಷ ಮಕ್ಕಳ ತಪ್ಪು ಲೆಕ್ಕಗಳನ್ನು ಸೈರಿಸಿದವರ ದನಿ ಅದು. ಸೊಸೆಯ ಕಣ್ಣು ತುಂಬಿತು.

ತಪ್ಪು ಎಲ್ಲಿತ್ತು? ಎಣ್ಣೆಗೂ ಗಾಳಿಗೂ ಇರುವ ಅಂತರವನ್ನು ಮರೆತುದರಲ್ಲಿ. 180 ಡಿಗ್ರಿಗೆ ಕಾದ ಎಣ್ಣೆ ದಟ್ಟವಾದ ದ್ರವ. ಹಿಟ್ಟು ಅದರೊಳಗೆ ಬಿದ್ದ ಕ್ಷಣಕ್ಕೇ ಎಲ್ಲ ಕಡೆಯಿಂದಲೂ ಶಾಖ ನುಗ್ಗಿ ಹೊರಮೈ ಹೆಪ್ಪುಗಟ್ಟುತ್ತದೆ. ಒಳಗಿನ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರನುಗ್ಗುತ್ತದೆ. ಬಜ್ಜಿ ಹಾಕಿದಾಗ ಕೇಳುವ ಆ ಚುರ್ರೆಂಬ ಸದ್ದು ಎಣ್ಣೆಯದಲ್ಲ, ಓಡಿಹೋಗುತ್ತಿರುವ ನೀರಿನದು. ಗಾಳಿಯೂ ಅಷ್ಟೇ ಡಿಗ್ರಿ ಕಾದಿರಬಹುದು. ಆದರೆ ತೆಳ್ಳಗಿನ ಗಾಳಿ ಹೊತ್ತು ತರುವ ಶಾಖ ಅತ್ಯಲ್ಪ. ಕುದಿಯುವ ನೀರಿನಲ್ಲಿ ಬೆರಳಿಡಲಾರದವನು ಅದಕ್ಕಿಂತ ಬಿಸಿಯಾದ ಬೇಕರಿ ಒಲೆಯೊಳಗೆ ಕ್ಷಣಕಾಲ ಕೈ ಚಾಚಬಲ್ಲನು. ಗಾಳಿ ಹಿಟ್ಟನ್ನು ಹೆಪ್ಪುಗಟ್ಟಿಸುವಷ್ಟರಲ್ಲಿ ಹಿಟ್ಟು ತನ್ನ ದಾರಿ ಹಿಡಿದಿರುತ್ತದೆ. ಅಂದಮೇಲೆ ನೀರಾದ ಹಿಟ್ಟಿನಲ್ಲಿ ಅದ್ದುವ ಬಜ್ಜಿ ಈ ಯಂತ್ರಕ್ಕೆ ಹೇಳಿಸಿದುದಲ್ಲ. ಮಾರಾಟಗಾರರ ಚಿತ್ರಗಳು ಏನೇ ಹೇಳಲಿ, ಇದನ್ನು ಮೊದಲೇ ತಿಳಿದಿರುವುದು ಲೇಸು.

ಎರಡನೆಯ ದಿನ ಅತ್ತೆಯೇ ಮುಂದಾದರು. ಸೊಸೆಯ ಕಣ್ಣೀರು ಅವರನ್ನು ಕಲಕಿತ್ತೋ, ತಮ್ಮ ಹಿಟ್ಟು ಸೋತುದಕ್ಕೆ ರೇಗಿತ್ತೋ ಹೇಳುವುದು ಕಷ್ಟ. "ನೀರೇ ಅಲ್ವಾ ಇದರ ಶತ್ರು? ನೀರು ಹಾಕದೇ ಕಲಸೋಣ, ಬಾ" ಎಂದರು. ಎರಡು ದೊಡ್ಡ ಈರುಳ್ಳಿಯನ್ನು ಎಳೆಎಳೆಯಾಗಿ ಸೀಳಿ ಉಪ್ಪು ಬೆರೆಸಿ ಹತ್ತು ನಿಮಿಷ ಮುಚ್ಚಿಟ್ಟರು. ಉಪ್ಪು ಈರುಳ್ಳಿಯ ನೀರನ್ನು ತಾನೇ ಹೊರಗೆ ಸೆಳೆಯುತ್ತದೆ. ಹಿಟ್ಟಿಗೆ ಅಷ್ಟು ತೇವವೇ ಸಾಕು. ಅದಕ್ಕೆ ಒಂದು ಲೋಟ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಓಮ, ಹೆಚ್ಚಿದ ಹಸಿಮೆಣಸು, ಕೊತ್ತಂಬರಿ ಸೊಪ್ಪು. ಕೊನೆಗೆ ಎರಡು ಚಮಚ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಸುರಿದು ಬೆರಳ ತುದಿಯಿಂದ ಉಜ್ಜಿದರು. ಹಿಟ್ಟಿನ ಕಣಕಣಕ್ಕೂ ಜಿಡ್ಡು ಹತ್ತಿದರೆ ಅವು ಒಂದಕ್ಕೊಂದು ಬಿಗಿದು ರಬ್ಬರಾಗುವುದಿಲ್ಲ, ಪುಡಿಪುಡಿಯಾಗಿ ಮುರಿಯುತ್ತವೆ. ಕಾದೆಣ್ಣೆ ಹಾಕುವ ಈ ಪದ್ಧತಿಗೆ ನಮ್ಮ ಅಡುಗೆಮನೆಗಳಲ್ಲಿ ಕಾರಣ ಹೇಳುವ ವಾಡಿಕೆಯಿಲ್ಲ. ಅದಕ್ಕೆ ಕೆಲಸ ಮಾತ್ರ ಉಂಟು. ಅಕ್ಕಿಹಿಟ್ಟು ಗರಿಗರಿಯನ್ನು ಉಳಿಸುತ್ತದೆ. ಚಿಟಿಕೆ ಸೋಡ ಹಾಕುವವರು ಹಾಕಬಹುದು. ಕ್ಷಾರ ಬೆರೆತರೆ ಹೊಂಬಣ್ಣ ಬೇಗ ಬರುತ್ತದೆ.

ಬಣ್ಣದ ಮಾತು ಬಂದುದರಿಂದ ಇಷ್ಟು ಹೇಳಬೇಕು. ಬಜ್ಜಿಯ ಬಣ್ಣ, ಪರಿಮಳ ಎರಡಕ್ಕೂ ಮೂಲ ಎಣ್ಣೆಯಲ್ಲ. ಹಿಟ್ಟಿನ ಸಸಾರಜನಕವೂ ಸಕ್ಕರೆಯ ಅಂಶವೂ ಶಾಖದಲ್ಲಿ ಕೂಡಿದಾಗ ಆಗುವ ಬದಲಾವಣೆ ಅದು. 1912ರಲ್ಲಿ ಅದನ್ನು ವರ್ಣಿಸಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಯಾರನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಮೇಲ್ಮೈ ಒದ್ದೆಯಾಗಿರುವ ತನಕ ಅದರ ಶಾಖ ನೂರು ಡಿಗ್ರಿಯ ಆಸುಪಾಸಿನಲ್ಲೇ ತಡೆಯುತ್ತದೆ. ಮೈ ಒಣಗಿ ಶಾಖ ಮೇಲಕ್ಕೇರಿದ ಮೇಲಷ್ಟೆ ಬಣ್ಣ. ಮೊದಲ ದಿನದ ಬಾಳೆಕಾಯಿ ಬಿಳಿಚಿದ್ದು ಇದರಿಂದಲೇ.

ಯಂತ್ರವನ್ನು ಮೊದಲೇ ಐದು ನಿಮಿಷ ಕಾಯಿಸಿ, ಬುಟ್ಟಿಗೆ ಎಣ್ಣೆ ಸವರಿ, ಹಿಟ್ಟಿನ ಮುದ್ದೆಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಹರಡಿದರು. ದುಂಡಗೆ ಉಂಡೆ ಕಟ್ಟಲಿಲ್ಲ. ಎಳೆಗಳು ಚಾಚಿಕೊಂಡಷ್ಟೂ ಗಾಳಿಗೆ ಸಿಗುವ ಅಂಚು ಹೆಚ್ಚು. 180 ಡಿಗ್ರಿಯಲ್ಲಿ ಏಳೆಂಟು ನಿಮಿಷ, ತಿರುವಿ ಹಾಕಿ ಮತ್ತೆ ಐದಾರು ನಿಮಿಷ. ಪಕೋಡ ಬಂದಿತು. ಬಾಣಲೆಯ ಪಕೋಡವೇ ಎಂದರೆ ಸುಳ್ಳಾಗುತ್ತದೆ. ತುಸು ಒಣಕಲು, ನಾಲಗೆಗೆ ಎಣ್ಣೆಯ ಮೆರುಗಿಲ್ಲ. ಆದರೆ ಹಲ್ಲಿಗೆ ಸದ್ದು ಕೊಟ್ಟಿತು. ನಾಲ್ವರ ತಿಂಡಿಗೆ ತಗುಲಿದುದು ಮೂರು ಚಮಚ ಎಣ್ಣೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿಯ ಲೆಕ್ಕ ಹಿಡಿದರೆ ಈ ಮಿತವ್ಯಯದ ಬೆಲೆ ತಿಳಿಯುತ್ತದೆ. ಕರಿದ ಪದಾರ್ಥ ಎಣ್ಣೆಯನ್ನು ಕುಡಿಯುವುದು ಹೆಚ್ಚಾಗಿ ಬಾಣಲೆಯಿಂದ ಹೊರಬಂದು ಆರುವಾಗ. ಒಳಗಿನ ಆವಿ ತಣಿದು ಮೈಗಂಟಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೈಗೆ ಅಂಟಲು ಇಲ್ಲಿ ಎಣ್ಣೆಯೇ ಇಲ್ಲ. ಹಾಗೆಂದು ಉಪ್ಪು ಕಡಿಮೆಯಾಗಲಿಲ್ಲ, ಹಿಟ್ಟೂ ಕಡಿಮೆಯಾಗಲಿಲ್ಲ. ಗಾಳಿಯಲ್ಲಿ ಬೆಂದಿತೆಂದು ತಟ್ಟೆ ತಟ್ಟೆ ಬರಿದುಮಾಡುವವರಿಗೆ ಯಂತ್ರ ಯಾವ ಅಭಯವನ್ನೂ ಕೊಟ್ಟಿಲ್ಲ.

ಯಜಮಾನರು ಆ ಸಂಜೆ ಉತ್ಸಾಹದಿಂದ ಇತಿಹಾಸಕ್ಕೆ ಕೈಹಾಕಿದರು. ಹತ್ತಿರದ ಬಳ್ಳಿಗಾವೆ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ ಮೆರೆದ ಕಾಲದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನಷ್ಟೆ. ಅದರ ಅನ್ನಭೋಗದ ಭಾಗದಲ್ಲಿ ಬೇಳೆಯನ್ನು ನೆನೆಸಿ, ಸಿಪ್ಪೆ ಕಳೆದು, ಅರೆದು, ತಟ್ಟಿ ಎಣ್ಣೆಯಲ್ಲಿ ಕರಿಯುವ ವಡೆಗಳ ಕ್ರಮವುಂಟು. ಮೆಣಸಿನಕಾಯಿ ಮಾತ್ರ ಅಲ್ಲಿಲ್ಲ. ಅದು ಪೋರ್ಚುಗೀಸರ ಹಡಗು ಏರಿ ಅಮೆರಿಕದಿಂದ ಬಂದುದು ಎಷ್ಟೋ ಕಾಲದ ಮೇಲೆ. "ಮಹಾರಾಜನಿಗೂ ಸಿಕ್ಕದ ಮೆಣಸಿನಕಾಯಿ ಬಜ್ಜಿಯನ್ನು ನಾನು ಶಿರಾಳಕೊಪ್ಪದಲ್ಲಿ ತಿಂದೆ" ಎಂದು ಯಜಮಾನರು ಹೇಳಿದರು. ಆ ಘಟನೆಯ ಪ್ರಸ್ತಾಪ ಮನೆಯಲ್ಲಿ ಆದುದು ಅದೇ ಮೊದಲು. ಅತ್ತೆ ತಲೆ ಎತ್ತಿ ನೋಡಿದರು. ನಕ್ಕರೋ ಇಲ್ಲವೋ, ಕತ್ತಲಲ್ಲಿ ಕಾಣಲಿಲ್ಲ.

ಮೂರನೆಯ ದಿನದ್ದು ಯಾರೂ ಕೇಳದೆ ಹುಟ್ಟಿದ ಯೋಚನೆ. ಅತ್ತೆಯ ತವರು ಸೊರಬದ ಕಡೆ. ಆ ಕಡೆಯವರಿಗೆ ಮಳೆಗಾಲವೆಂದರೆ ಕೆಸುವಿನ ಎಲೆ, ಕೆಸುವೆಂದರೆ ಪತ್ರೊಡೆ. ನೆನೆಸಿದ ಅಕ್ಕಿಯನ್ನು ಕಾಯಿತುರಿ, ಒಣಮೆಣಸು, ಕೊತ್ತಂಬರಿ ಬೀಜ, ಹುಣಿಸೆಹಣ್ಣು, ಬೆಲ್ಲಗಳೊಡನೆ ತರಿಯಾಗಿ ಅರೆದು, ಎಲೆಯ ಬೆನ್ನಿಗೆ ಬಳಿದು, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಹುಣಿಸೆಗೆ ಕೈ ಬಿಗಿಹಿಡಿಯಬಾರದು. ಕೆಸುವಿನಲ್ಲಿರುವ ಸೂಜಿಯಂಥ ಹರಳುಗಳು ಗಂಟಲನ್ನು ಕೆರೆಸುವುದನ್ನು ಹುಳಿಯೇ ಹದ್ದಿನಲ್ಲಿಡಬೇಕು. ತಣಿದ ಸುರುಳಿಯನ್ನು ಬಿಲ್ಲೆ ಕೊಯ್ದು ಕಾವಲಿಯ ಮೇಲೆ ಎಣ್ಣೆಯಲ್ಲಿ ಕೆಂಪಗೆ ಮಾಡುವುದು ರೂಢಿ.

"ನಿನ್ನ ಗಾಳಿಗೆ ಹಿಟ್ಟು ಹಿಡಿದು ನಿಲ್ಲಿಸೋಕೆ ಬರಲ್ಲ" ಎಂದರು ಅತ್ತೆ. "ನಿಂತ ಹಿಟ್ಟನ್ನೇ ಕೊಡೋಣ. ಇದು ಮೊದಲೇ ಬೆಂದಿರುತ್ತೆ ನೋಡು."

ಸೊಸೆ ಬೆರಗಾದಳು. ಮೊದಲ ದಿನದ ಸೋಲಿಗೆ ಇದಕ್ಕಿಂತ ನೇರವಾದ ಉತ್ತರವಿರಲಿಲ್ಲ. ಹಬೆಯಲ್ಲಿ ಹಿಟ್ಟು ಹೆಪ್ಪುಗಟ್ಟಿದೆ. ಇನ್ನು ಆಗಬೇಕಾದುದು ಮೈ ಒಣಗುವುದು, ಬಣ್ಣ ಏರುವುದು, ಇವೆರಡೇ. ಯಂತ್ರಕ್ಕೆ ಬಲ್ಲ ವಿದ್ಯೆಯೂ ಇವೆರಡೇ. ಬಿಲ್ಲೆಗಳಿಗೆ ಎಣ್ಣೆಯ ಬೆರಳು ಸವರಿ ಬುಟ್ಟಿಗಿಟ್ಟು ಹತ್ತು ನಿಮಿಷ ಬಿಟ್ಟುದಕ್ಕೆ ಅಂಚು ಗರಿಗರಿಯಾಗಿ, ಒಳಗೆ ಮೆತ್ತಗೆ ಉಳಿದು, ಹುಳಿ ಸಿಹಿ ಖಾರಗಳು ಒಟ್ಟಿಗೆ ನಾಲಗೆಗೆ ಬಂದವು. ಯಜಮಾನರು ಒಂದು ತಿಂದರು, ಎರಡು ತಿಂದರು. ಅತ್ತೆಯೂ ಒಂದನ್ನು ಎತ್ತಿಕೊಂಡರು. ಎರಡು ವರ್ಷದ ಮೇಲೆ, ಎಲ್ಲರ ಎದುರಿಗೆ, ಗಂಡನ ಪಕ್ಕದಲ್ಲಿ ಕುಳಿತು.

ಎರಡನೆಯ ಸರದಿ ಬುಟ್ಟಿಗೆ ಇಳಿದು ಮೂರು ನಿಮಿಷವಾಗಿರಲಿಲ್ಲ, ದೀಪ ಆರಿತು. ಯಂತ್ರದ ಗುಂಯ್‌ಗುಡುವಿಕೆ ನಿಂತು ಮಳೆಯ ಸದ್ದು ಮನೆಯೊಳಗೆ ನುಗ್ಗಿತು. 1500 ವಾಟಿನ ಯಂತ್ರವಿದು. ದೀಪದ ಸಣ್ಣ ಸಾಕೆಟ್ಟಿಗೆ ಸಿಕ್ಕಿಸದೆ 16 ಆಂಪಿಯರಿನದಕ್ಕೇ ಕೊಡಬೇಕೆಂದು ಸೊಸೆ ಮೊದಲ ದಿನವೇ ಎಚ್ಚರ ವಹಿಸಿದ್ದಳು. ಆದ್ದರಿಂದ ತಪ್ಪು ಮನೆಯದಲ್ಲ. ಯಜಮಾನರು ಕಿಟಕಿಯಿಂದ ಇಣುಕಿದರು. ಊರಿಗೆ ಊರೇ ಕತ್ತಲು. ಮರ ಬಿದ್ದಿರಬೇಕು, ಬೆಳಗಿನವರೆಗೆ ಬಂದಂತೆಯೆ.

"ಈಗೇನು ಮಾಡೋದು ಅತ್ತೆ?" ಎಂದಳು ಸೊಸೆ.

ಅತ್ತೆ ಆಗಲೇ ಎದ್ದಿದ್ದರು. ಬೆಂಕಿಪೊಟ್ಟಣಕ್ಕೆ ತಡಕಾಡಿ ದೀಪ ಹಚ್ಚಿದರು. ಅಟ್ಟದ ಕಡೆಗೆ ಒಮ್ಮೆ ನೋಡಿದರು. ಬಾಣಲೆಯನ್ನು ಅಲ್ಲಿಯೇ ಬಿಟ್ಟು, ಗೂಟಕ್ಕೆ ತೂಗುಹಾಕಿದ್ದ ದೋಸೆಯ ಕಾವಲಿಯನ್ನು ತೆಗೆದು ಒಲೆಗೇರಿಸಿದರು. ಎಣ್ಣೆಯ ಗಿಂಡಿಯಿಂದ ಒಂದು ಚಮಚ ಅಳೆದು, ಚಮಚವನ್ನು ಕಾವಲಿಯ ಮೇಲೆ ಬಗ್ಗಿಸುವ ಮುನ್ನ ಜಗುಲಿಯ ಕಡೆಗೆ ಕೂಗಿ ಕೇಳಿದರು: "ರೀ, ಇನ್ನೊಂದು ಸಾಕಾ, ಎರಡು ಹಾಕಲಾ?"