ಕೇಳಿದ್ದೂ ಓದೇ

‘ಕೇಳಿದ್ದನ್ನು ಓದಿದೆ ಅನ್ನಬೇಡಿ’ ಎಂದರು ಹಿರಿಯ ಸಂಶೋಧಕರೊಬ್ಬರು. ನಾನು ಚಾರ್ಲ್ಸ್ ಸ್ಟ್ರಾಸ್ ಅವರ ‘ಲಾಂಡ್ರಿ ಫೈಲ್ಸ್’ ಸರಣಿಯ ಮೂರನೇ ಕಾದಂಬರಿ ‘ದಿ ಫುಲ್ಲರ್ ಮೆಮೊರಾಂಡಮ್’ (2010) ಆಡಿಯೋಬುಕ್ ಮುಗಿಸಿದ್ದೆ. ಮಾಟ-ಭೂತಗಳೊಡನೆ ಸೆಣಸುವ ಬ್ರಿಟನ್ನಿನ ಗುಪ್ತ ಇಲಾಖೆಯ ಗೂಢಚಾರ ಬಾಬ್ ಹೋವರ್ಡ್ ತನ್ನ ಕತೆ ತಾನೇ ಹೇಳುತ್ತಾನೆ. ಲೋಕ ಮುಳುಗುವಾಗಲೂ ಕಡತ, ಮೀಟಿಂಗುಗಳ ಬಗ್ಗೆ ಗೊಣಗುತ್ತಾನೆ. ಪುಟದಲ್ಲಾದರೆ ಆ ಗೊಣಗಾಟವನ್ನು ಹಾರಿಸಿಬಿಡುತ್ತಿದ್ದೆ. ಕೇಳಿದಾಗ ಅದರ ಅಡಿಯಲ್ಲಿದ್ದ ಭಯ ಕಿವಿಗೆ ಬಿತ್ತು.

ಇದು ಸೋಮಾರಿತನವೇ? ಹಾಗಾದರೆ ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ, ಅಕ್ಷರ ಬಾರದ ಅಜ್ಜಿಯರೆಲ್ಲ ಸಾಹಿತ್ಯದ ಹೊರಗಿನವರೇ? ಕಣ್ಣು ಕಾಣದ ಸಹಪಾಠಿಯ ಮುಂದೆ ಈ ಮಾತು ಆಡುತ್ತೀರಾ?

ಕೇಳುತ್ತಾ ನಿದ್ದೆ ಹೋಗುವವರಿದ್ದಾರೆ, ನಿಜ. ಪುಸ್ತಕ ಹಿಡಿದೇ ನಿದ್ದೆ ಹೋಗುವವರನ್ನು ಗ್ರಂಥಾಲಯದಲ್ಲಿ ದಿನವೂ ನೋಡುತ್ತೇನೆ.