ನಲವತ್ತು ಬಂದರೆ ಸಾಲದು

“ಮೂರೂ ಪತ್ರಿಕೆಗಳಲ್ಲಿ 40ರ ಮೇಲೆ ಬಂದಿದೆ. ಆದರೂ ಮಗ ಫೇಲು ಎನ್ನುತ್ತಾನೆ, ನಿಜವೇ?” ಸಿ.ಎ. ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ಅನೇಕ ತಂದೆ-ತಾಯಂದಿರಿಗೆ ಈ ಗೊಂದಲ.

ನಿಜವೇ. ಈ ಪರೀಕ್ಷೆಯಲ್ಲಿ ತಲಾ ಮೂರು ಪತ್ರಿಕೆಗಳ ಎರಡು ಗುಂಪುಗಳಿವೆ. ಪ್ರತಿ ಪತ್ರಿಕೆಗೆ 100 ಅಂಕ. ಒಂದೊಂದರಲ್ಲೂ ಕನಿಷ್ಠ 40 ಬರಬೇಕು, ಜೊತೆಗೆ ಗುಂಪಿನ ಮೊತ್ತ 150 ಮುಟ್ಟಬೇಕು. 44, 45, 46 ಪಡೆದವನ ಮೊತ್ತ 135 ಮಾತ್ರ. ಆತ ಮೂರನ್ನೂ ಮತ್ತೆ ಬರೆಯಬೇಕು.

ಎರಡೂ ಗುಂಪುಗಳನ್ನು ಒಟ್ಟಿಗೆ ಬರೆದವರಿಗೆ ಒಂದು ಅನುಕೂಲವುಂಟು. ಎಲ್ಲದರಲ್ಲೂ 40 ದಾಟಿ, ಆರರ ಮೊತ್ತ 300 ಆದರೆ ಎರಡೂ ಗುಂಪು ಪಾಸು. ಇನ್ನೊಂದು ಗುಂಪಿನಲ್ಲಿ 165 ಬಂದಿದ್ದರೆ ಈತನ ಕೊರತೆ ತುಂಬುತ್ತಿತ್ತು. ಆದರೆ ಆರಕ್ಕೂ ತಯಾರಿಯಿಲ್ಲದೆ ಈ ಲೆಕ್ಕವನ್ನು ನಂಬಿ ಕೂರಬೇಡಿ.

ಈಗ 62, 45, 35 ಪಡೆದವಳನ್ನು ನೋಡಿ. ಅವಳೂ ಫೇಲು. ಆದರೆ ಗುಂಪಿನ ಎಲ್ಲ ಪತ್ರಿಕೆಗಳನ್ನು ಬರೆದು ಒಂದರಲ್ಲಿ 60 ಅಥವಾ ಹೆಚ್ಚು ಪಡೆದವರಿಗೆ, ಮುಂದಿನ ಮೂರು ಪರೀಕ್ಷೆಗಳವರೆಗೆ ಆ ಪತ್ರಿಕೆಯಿಂದ ವಿನಾಯಿತಿ. ಅವಳಿಗೆ ಉಳಿದದ್ದು ಎರಡೇ. ಆದ್ದರಿಂದ ನಿಮಗೆ ಹಿಡಿತವಿರುವ ವಿಷಯವನ್ನು 60ರ ಆಚೆಗೆ ಒಯ್ಯಿರಿ.

ಎಚ್ಚರಿಕೆಯೂ ಬೇಕು. 2025ರಲ್ಲಿ ಈ ಪರೀಕ್ಷೆ ಜನವರಿ, ಮೇ, ಸೆಪ್ಟೆಂಬರ್ ಎಂದು ಮೂರು ಬಾರಿ ನಡೆಯಿತು. ಹೀಗಾದರೆ ವಿನಾಯಿತಿಯ ಅವಧಿ ಒಂದೇ ವರ್ಷದಲ್ಲಿ ತೀರುತ್ತದೆ. “ಆಮೇಲೆ ನೋಡೋಣ” ಎನ್ನುವಂತಿಲ್ಲ.

ತಂದೆ-ತಾಯಂದಿರಲ್ಲಿ ಒಂದು ಮಾತು. “ಇನ್ನೂ ಎಷ್ಟು ಸಲ?” ಎಂದು ಕೇಳಬೇಡಿ. ಅಂಕಪಟ್ಟಿ ಹಿಡಿದು ಪಕ್ಕದಲ್ಲಿ ಕುಳಿತು, “ಯಾವ ಪತ್ರಿಕೆ ಉಳಿದಿದೆ?” ಎಂದು ಕೇಳಿ.